ಸೆರಾಬಿತ್ ಅಲ್-ಖಾದಿಮ್: ಅಕ್ಷರಗಳು ಹುಟ್ಟಿದ ಗಣಿಬೆಟ್ಟಕ್ಕೆ ಹೋಗಿಬಂದ ಅನುಭವ ಮತ್ತು ಚರ್ಚೆ

ವರದಾತೀರ, ಸೊರಬ

ಈ ಚಳಿಗಾಲದಲ್ಲಿ ಅಡಿಕೆ ಕೊಯ್ಲು ಮುಗಿದ ಮೇಲೆ ನಾನು ಮತ್ತು ನನ್ನ ಅಣ್ಣ ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪಕ್ಕೆ ಹೋಗಿ, ಅಲ್ಲಿನ ಮರುಭೂಮಿಯ ನಡುವೆ ಇರುವ ಸೆರಾಬಿತ್ ಅಲ್-ಖಾದಿಮ್ ಎಂಬ ಬೆಟ್ಟವನ್ನು ಹತ್ತಿ ಬಂದೆವು. ಶಾಸನಗಳಲ್ಲಿ ಆಸಕ್ತಿಯಿರುವವರು ಇಲ್ಲಿ ಅನೇಕರಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ಮರಳುಗಲ್ಲಿನ ಪ್ರಸ್ಥಭೂಮಿ ಅದು. ನಾಲ್ಕು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಅರಸರು ನಮ್ಮ ಆಭರಣದಂಗಡಿಯವರು ಫಿರೋಜಾ ಎನ್ನುವ ಹಸಿರುನೀಲಿ ಕಲ್ಲಿಗಾಗಿ ಅಲ್ಲಿಗೆ ದಂಡಯಾತ್ರೆಯಂತೆಯೇ ದೊಡ್ಡ ದೊಡ್ಡ ತಂಡಗಳನ್ನು ಕಳಿಸುತ್ತಿದ್ದರು. ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದ ಈ ಫಾಸ್ಫೇಟ್ ಖನಿಜವು ಮರಳುಗಲ್ಲಿನ ಪದರಗಳ ನಡುವೆ ಸಣ್ಣ ಸಣ್ಣ ಗಂಟುಗಳಾಗಿ ಸಿಗುತ್ತದೆ. ಗಣಿಗಳ ನೆತ್ತಿಯ ಮೇಲೆ ಹಾಥೋರ್ ದೇವಿಯ ಗುಡಿಯಿದೆ. ಅಲ್ಲಿ ಆಕೆಗೆ ಫಿರೋಜಾದ ಒಡತಿ ಎಂದೇ ಬಿರುದು. ಹನ್ನೆರಡನೆಯ ರಾಜವಂಶದ ಕಾಲದಲ್ಲಿ ಬಂಡೆಯಲ್ಲಿ ಕೊರೆದ ಒಂದು ಗವಿಯಿಂದ ಆರಂಭವಾದ ಈ ಗುಡಿಯನ್ನು ಹತ್‌ಶೆಪ್ಸುತ್ ರಾಣಿ ಮತ್ತು ಮೂರನೆಯ ಥುಟ್ಮೋಸ್ ಮುಂದಕ್ಕೆ ಬೆಳೆಸಿದರು. ಆರನೆಯ ರಾಮ್ಸೆಸ್‌ನ ನಂತರ ಯಾವ ಅರಸನ ಹೆಸರೂ ಅಲ್ಲಿ ಕಾಣಿಸುವುದಿಲ್ಲ.

ನಾವು ಹಿಡಿದ ರೋದ್ ಅಲ್-ಐರ್ ಎಂಬ ಹಳೆಯ ಕತ್ತೆದಾರಿಯ ಬಂಡೆಗಳ ಮೇಲೆ ದೋಣಿಗಳ ಚಿತ್ರಗಳನ್ನು ಗೀಚಿದ್ದಾರೆ. ಒಂದು ಹನಿ ನೀರು ಕಾಣದ ಆ ಕಣಿವೆಯಲ್ಲಿ ದೋಣಿಯ ಚಿತ್ರವನ್ನು ನೋಡಿದಾಗ ಮೊದಲು ನನಗೆ ಅರ್ಥವಾಗಲಿಲ್ಲ. ಆ ತಂಡಗಳು ಸೂಯೆಜ್ ಕೊಲ್ಲಿಯನ್ನು ದೋಣಿಯಲ್ಲಿ ದಾಟಿ, ದಡದಿಂದ ಕತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಇಲ್ಲಿಗೆ ಬರುತ್ತಿದ್ದವು ಎಂಬುದನ್ನು ನೆನಪಿಸಿಕೊಂಡ ಮೇಲೆ, ಬಂದ ದಾರಿಯನ್ನೇ ಅವರು ಕಲ್ಲಿನ ಮೇಲೆ ಬರೆದಿಟ್ಟು ಹೋಗಿದ್ದಾರೆ ಎಂದು ತಿಳಿಯಿತು.

ಗುಡಿಯ ಅಂಗಳವನ್ನು ಮಲೆನಾಡಿನವರು ಒಮ್ಮೆ ನೋಡಬೇಕು. ತಲೆ ದುಂಡಗಿರುವ, ಆಳೆತ್ತರದ ಕಲ್ಲುಗಳು ಒಂದರ ಪಕ್ಕ ಒಂದು ನಿಂತಿವೆ. ಅಣ್ಣ ಅವುಗಳನ್ನು ನೋಡಿದ ಕೂಡಲೇ ‘ವೀರಗಲ್ಲುಗಳ ಸಾಲು’ ಎಂದು ಬಿಟ್ಟ. ಅವು ವೀರಗಲ್ಲುಗಳಲ್ಲ. ಪ್ರತಿಯೊಂದು ತಂಡವೂ ತಾನು ಬಂದದ್ದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ ಶಾಸನಗಳು. ಅರಸನ ಹೆಸರು, ಅಧಿಕಾರಿಯ ಹೆಸರು, ಲಿಪಿಕಾರರು, ಕಲ್ಲುಕುಟಿಗರು, ಕತ್ತೆ ಹೊಡೆಯುವವರು ಎಲ್ಲರೂ ಅವುಗಳಲ್ಲಿ ಬರುತ್ತಾರೆ. ಕೆಲವು ಕಲ್ಲುಗಳಲ್ಲಿ ಖೆಬ್ದೆದ್ ಎಂಬುವನು ಬರುತ್ತಾನೆ. ಈಜಿಪ್ಟಿನವರು ರೆತೆನು ಎಂದು ಕರೆಯುತ್ತಿದ್ದ ಕಾನಾನ್ (ಇಂದಿನ ಇಸ್ರೇಲ್, ಪ್ಯಾಲೆಸ್ಟೈನ್, ಲೆಬನಾನ್ ಇರುವ ಪ್ರದೇಶ) ಕಡೆಯ ನಾಡಿನ ಒಡೆಯನ ತಮ್ಮನಾದ ಆತ ಕತ್ತೆಯ ಮೇಲೆ ಕುಳಿತಿದ್ದಾನೆ. ಈಜಿಪ್ಟಿನವರ ಜೊತೆಗೆ ಹೀಬ್ರೂ, ಅರಬ್ಬಿಗಳ ಬಳಗಕ್ಕೆ ಸೇರಿದ ಸೆಮಿಟಿಕ್ ಭಾಷೆಯಾಡುವ ಜನರೂ ಅಲ್ಲಿದ್ದರು ಎಂಬುದಕ್ಕೆ ಇದೇ ಗಟ್ಟಿ ಸಾಕ್ಷಿ.

ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಹೊರುರ್ರೇ ಎಂಬ ಅಧಿಕಾರಿಯ ಕಲ್ಲು. ಮೂರನೆಯ ಅಮೆನೆಮ್ಹತ್‌ನ ಕಾಲದಲ್ಲಿ, ಬರಬಾರದ ಬೇಸಗೆಯಲ್ಲಿ ಈತ ತಂಡವನ್ನು ಕರೆದುಕೊಂಡು ಬರಬೇಕಾಯಿತು. ಬೆಟ್ಟಗಳ ಕಾವು ಮೈ ಸುಡುತ್ತದೆ, ಈ ಕಾಲದಲ್ಲಿ ಕಲ್ಲಿಗೆ ಒಳ್ಳೆಯ ಬಣ್ಣ ಬರುವುದಿಲ್ಲ ಎಂಬ ಆತಂಕವನ್ನು ಆತ ಮರೆಮಾಚದೆ ಬರೆಸಿದ್ದಾನೆ. ಕೊನೆಗೆ ಕೆಲಸ ಚೆನ್ನಾಗಿಯೇ ಆಯಿತೆಂದು ತಿಳಿಸಿ, ಮುಂದೆ ಬರುವ ಅಧಿಕಾರಿಗಳು ಇಂಥ ಕಾಲದಲ್ಲಿ ಬಂದರೂ ಎದೆಗುಂದಬಾರದು, ಹಾಥೋರ್ ಕೈಬಿಡುವುದಿಲ್ಲ ಎಂದು ಧೈರ್ಯ ಹೇಳಿದ್ದಾನೆ. ಸುಮಾರು 3,800 ವರ್ಷಗಳ ಹಿಂದಿನ ಒಬ್ಬ ನೌಕರನ ಕಳವಳ ಇಷ್ಟು ಹತ್ತಿರದಿಂದ ಕೇಳಿಸಿದ್ದು ನನಗೆ ಬೇರೆಲ್ಲೂ ಇಲ್ಲ.

ಆದರೂ ನಾನು ಅಷ್ಟು ದೂರ ಹೋದದ್ದು ಈ ದೊಡ್ಡ ಕಲ್ಲುಗಳಿಗಾಗಿ ಅಲ್ಲ. 1904-05ರ ಚಳಿಗಾಲದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಯವರ ತಂಡ ಇಲ್ಲಿ ಕೆಲಸ ಮಾಡಿದಾಗ, ಮುಖ್ಯವಾಗಿ ಗಣಿಗಳ ಸುತ್ತಮುತ್ತ, ಈಜಿಪ್ಟಿನ ಚಿತ್ರಲಿಪಿಯಂತೆ ಕಂಡರೂ ಚಿತ್ರಲಿಪಿಯಲ್ಲದ ಒರಟು ಬರಹಗಳು ಸಿಕ್ಕವು. ಚಿಹ್ನೆಗಳ ಸಂಖ್ಯೆ ತೀರ ಕಡಿಮೆಯಿದ್ದುದರಿಂದ ಇದು ಅಕ್ಷರಮಾಲೆಯಾಗಿರಬೇಕೆಂದು ಪೆಟ್ರಿ ಊಹಿಸಿದರು. 1916ರಲ್ಲಿ ಈಜಿಪ್ಟಿನ ಲಿಪಿಗಳನ್ನು ಬಲ್ಲ ವಿದ್ವಾಂಸ ಅಲನ್ ಗಾರ್ಡಿನರ್ ಅದರ ಒಂದು ಪದವನ್ನು ಓದಿದರು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಪುಟ್ಟ ಸಿಂಹನಾರಿ (ಸ್ಫಿಂಕ್ಸ್) ವಿಗ್ರಹದ ಮೇಲೆ ಈಜಿಪ್ಟಿನ ಲಿಪಿಯಲ್ಲಿ ಹಾಥೋರ್‌ಳ ಹೆಸರಿದ್ದರೆ, ಹೊಸ ಲಿಪಿಯಲ್ಲಿ ಮನೆ, ಕಣ್ಣು, ದನ ಅಟ್ಟುವ ಕೋಲು ಮತ್ತು ಎರಡು ಗೆರೆ ಅಡ್ಡಹಾಯುವ ಗುರುತು ಎಂಬ ನಾಲ್ಕು ಚಿಹ್ನೆಗಳಿದ್ದವು. ಸೆಮಿಟಿಕ್ ಭಾಷೆಯಲ್ಲಿ ಮನೆಗೆ ಬೇತ್, ಕಣ್ಣಿಗೆ ಅಯಿನ್. ಪ್ರತಿ ಪದದ ಮೊದಲ ಧ್ವನಿಯನ್ನು ಮಾತ್ರ ತೆಗೆದುಕೊಂಡರೆ ‘ಬಅಲತ್’ ಎಂದಾಗುತ್ತದೆ. ಅದರ ಅರ್ಥ ಒಡತಿ.

ನಮ್ಮ ಬಾಲಬೋಧೆಗಳಲ್ಲಿ ಅ ಎಂದರೆ ಅರಸ, ಆ ಎಂದರೆ ಆನೆ ಎಂದು ಅಕ್ಷರದ ಪಕ್ಕ ಚಿತ್ರ ಹಾಕುತ್ತಾರೆ. ಆ ಗಣಿಯಲ್ಲಿ ಚಿತ್ರವೇ ಅಕ್ಷರ. ಎತ್ತಿನ ತಲೆ ಆಲೆಫ್ ಆಗಿ, ಮುಂದೆ ಫಿನೀಷಿಯನ್ನರ ಮತ್ತು ಗ್ರೀಕರ ಕೈಯಲ್ಲಿ ತಿರುಗಿ, ಇಂದು ಇಂಗ್ಲಿಷಿನ ಎ ಅಕ್ಷರವಾಗಿದೆ. ನೀರಿನ ಅಲೆಗಳ ಗೆರೆ ಎಂ ಅಕ್ಷರವಾಗಿದೆ.

ಗುಡಿಯಿಂದ ಗಣಿಯ ಬಾಯಿಗೆ ನಡೆದು ಹೋಗುವಾಗ ನನಗೆ ಹೊಳೆದದ್ದನ್ನು ಹೇಳುತ್ತೇನೆ. ನೇರ ಗೆರೆ ಹೊಡೆದು, ಅಳತೆ ಹಿಡಿದು ಕೊರೆದ ಶಾಸನಗಳೆಲ್ಲ ಗುಡಿಯಲ್ಲಿವೆ. ಅಕ್ಷರಮಾಲೆಯ ಬರಹಗಳಲ್ಲಿ ಹೆಚ್ಚಿನವು ಸಿಕ್ಕದ್ದು ಉಳಿಯ ಗಾಯಗಳು ಇಂದಿಗೂ ಗೋಡೆಯಲ್ಲಿ ಕಾಣುವ, ಬಗ್ಗಿಕೊಂಡು ಒಳಹೋಗಬೇಕಾದ ಗಣಿಗಳಲ್ಲಿ ಮತ್ತು ಅವುಗಳ ಸುತ್ತ. ಮ್ಯೂಸಿಯಂನಲ್ಲಿ ಎರಡನ್ನೂ ಒಂದೇ ಗಾಜಿನ ಹಿಂದೆ ಇಟ್ಟಾಗ ಈ ದೂರ ಕಾಣುವುದಿಲ್ಲ. ಅದನ್ನು ಕಾಲಿನಲ್ಲಿ ನಡೆದೇ ತಿಳಿಯಬೇಕು.

ಮಳೆನಾಡಿಗ, ತೀರ್ಥಹಳ್ಳಿ

ಓದಿ ತುಂಬ ಸಂತೋಷವಾಯಿತು. ನನಗೆ ಅರವತ್ತಮೂರು ವರ್ಷ. ಕವಲೇದುರ್ಗದ ಕೋಟೆಯನ್ನು ಈಗಲೂ ವರ್ಷಕ್ಕೊಮ್ಮೆ ಹತ್ತುತ್ತೇನೆ, ಆದರೆ ಇಳಿಯುವಾಗ ಮೊಣಕಾಲು ನೋಯುತ್ತದೆ. ನನ್ನಂಥವರು ಈ ಬೆಟ್ಟವನ್ನು ಹತ್ತಬಹುದೇ? ಅಲ್ಲಿಗೆ ತಲುಪುವ ದಾರಿ, ಅನುಮತಿ, ನೀರು, ಊಟ ಇವುಗಳ ಬಗ್ಗೆ ದಯವಿಟ್ಟು ಬರೆಯಿರಿ.

ವರದಾತೀರ, ಸೊರಬ

ಕವಲೇದುರ್ಗ ಹತ್ತುವವರಿಗೆ ಈ ಬೆಟ್ಟದ ಎತ್ತರ ಕಷ್ಟವಾಗದು, ಆದರೆ ನೆಲ ಬೇರೆ. ನಮ್ಮಲ್ಲಿ ಮಳೆಗಾಲದ ಪಾಚಿಯಿಂದ ಜಾರುತ್ತದೆ, ಅಲ್ಲಿ ಪುಡಿಯಾದ ಮರಳುಗಲ್ಲಿನಿಂದ ಜಾರುತ್ತದೆ. ನಮಗೆ ಹತ್ತಲು ಒಂದೂವರೆ ಗಂಟೆ ಬೇಕಾಯಿತು. ಊರುಗೋಲು ಇರಲಿ, ಇಳಿಯುವಾಗ ಅವಸರ ಬೇಡ.

ಕೈರೋದಿಂದ ಹೊರಟು, ಸೂಯೆಜ್ ಕಾಲುವೆಯ ಕೆಳಗಿನ ಅಹ್ಮದ್ ಹಮ್ದಿ ಸುರಂಗವನ್ನು ದಾಟಿ, ಕೊಲ್ಲಿಯ ದಡದಗುಂಟ ದಕ್ಷಿಣಕ್ಕೆ ಸಾಗಿದರೆ ಅಬು ಝೆನೀಮಾ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿಂದ ಒಳಗೆ ಮರಳು ಮತ್ತು ಕಲ್ಲಿನ ಕಣಿವೆಗಳಲ್ಲಿ ಅಲ್ಲಿನ ಮರುಭೂಮಿಯ ಬುಡಕಟ್ಟಿನವರಾದ ಬೆದೂಯಿನ್ ಚಾಲಕರ ಜೀಪು ಬಿಟ್ಟರೆ ಬೇರೆ ಉಪಾಯವಿಲ್ಲ. ಮೇಲೆ ಅಂಗಡಿಯಿಲ್ಲ, ನೆರಳೂ ಇಲ್ಲ. ತಲೆಗೆ ನಾಲ್ಕು ಲೀಟರ್ ನೀರು ಹೊತ್ತು ಹೋಗಿದ್ದೆವು, ಬಹುತೇಕ ಪೂರ್ತಿ ಖರ್ಚಾಯಿತು.

ಅನುಮತಿಯ ವಿಷಯದಲ್ಲಿ ನಾವು ಒಂದು ಪೆಟ್ಟು ತಿಂದೆವು. ಪ್ರವಾಸದ ವ್ಯವಸ್ಥೆ ಮಾಡಿಕೊಟ್ಟವರು ಯಾವ ಕಾಗದವೂ ಬೇಡವೆಂದು ಭರವಸೆ ಕೊಟ್ಟಿದ್ದರು. ಸಿನಾಯ್‌ನ ದಾರಿಯುದ್ದಕ್ಕೂ ತಪಾಸಣಾ ಠಾಣೆಗಳಿದ್ದು, ಮುಖ್ಯರಸ್ತೆ ಬಿಟ್ಟು ಒಳಹೋಗುವ ವಿದೇಶಿಯರ ಕಾಗದಪತ್ರಗಳನ್ನು ಅಲ್ಲಿ ಸೂಕ್ಷ್ಮವಾಗಿ ನೋಡುತ್ತಾರೆ. ನಮ್ಮನ್ನು ಹಿಂದಕ್ಕೆ ಕಳಿಸಿದರು, ಒಂದಿಡೀ ದಿನ ಹೋಯಿತು. ಆದ್ದರಿಂದ ಹೊರಡುವ ಮೊದಲೇ ಆ ಕಾಲದ ನಿಯಮವೇನು, ಪ್ರಯಾಣದ ಸುರಕ್ಷತೆಯ ಬಗ್ಗೆ ನಮ್ಮ ಸರ್ಕಾರದ ಸಲಹೆಯೇನು ಎಂದು ನೀವೇ ವಿಚಾರಿಸಿ, ಅನುಮತಿಯನ್ನು ಲಿಖಿತವಾಗಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಯಿಮಾತನ್ನು ನಂಬಬೇಡಿ.

ಊಟದ ಚಿಂತೆ ಮಾಡಬೇಡಿ. ಹಿಟ್ಟು ನಾದಿ, ಕೆಂಡದ ಬೂದಿಯೊಳಗೆ ಹೂತು ಸುಟ್ಟು, ಬೂದಿ ಕೊಡವಿ ಕೊಡುವ ಅವರ ರೊಟ್ಟಿ ನಮ್ಮ ಅಕ್ಕಿರೊಟ್ಟಿ ತಿಂದು ಬೆಳೆದ ನಾಲಿಗೆಗೂ ಹಿಡಿಸಿತು. ರಾತ್ರಿಯ ಚಳಿಗೆ ಮಾತ್ರ ದಪ್ಪ ಕಂಬಳಿ ಬೇಕೇ ಬೇಕು.

ಕುಮುದ್ವತಿ, ಶಿಕಾರಿಪುರ

ನಿಮ್ಮ ಬರಹವನ್ನು ಗೌರವದಿಂದಲೇ ಓದಿದೆ, ಆದರೂ ಒಂದು ಮಾತು ಮನಸ್ಸನ್ನು ಚುಚ್ಚುತ್ತಿದೆ. ನಮ್ಮ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬ ಶಾಂತಿವರ್ಮನ ಕಾಲದ ಸ್ತಂಭಶಾಸನ ಇದೆ. ಅದೇ ಆವರಣದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯವರು 2013-14ರಲ್ಲಿ ಉತ್ಖನನ ಮಾಡಿದಾಗ ಸಿಂಹಕಟಾಂಜನದ (ಸಿಂಹ ಕೆತ್ತಿದ ಪಕ್ಕಗೋಡೆಯ) ಶಾಸನ ಹೊರಬಂತು. ಅದನ್ನು ಕ್ರಿ.ಶ. 370ರ ಕಾಲದ್ದೆಂದು, ಹಲ್ಮಿಡಿಗಿಂತ ಹಳೆಯ ಕನ್ನಡ ಶಾಸನವೆಂದು ಇಲಾಖೆ ಪ್ರಕಟಿಸಿತು. ಶಿವಮೊಗ್ಗದಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದಾದಷ್ಟು ಹತ್ತಿರ. ನಾನು ಅಲ್ಲಿಗೆ ಎಷ್ಟೋ ಸಲ ಹೋಗಿದ್ದೇನೆ, ಹೋದಾಗಲೆಲ್ಲ ಬೇರೆ ಯಾರೂ ಇರುವುದಿಲ್ಲ. ನಮ್ಮ ಭಾಷೆಯ ಅಷ್ಟು ಹಳೆಯ ಬರಹ ಇಲ್ಲಿರುವಾಗ ಅಕ್ಷರದ ಮೂಲ ಹುಡುಕಿಕೊಂಡು ಸಿನಾಯ್‌ಗೆ ಹೋಗುವುದು, ಮತ್ತು ನಮ್ಮ ಲಿಪಿಯೂ ಅಲ್ಲಿಂದಲೇ ಬಂದಿತೆಂಬ ಭಾವನೆಯನ್ನು ಬಿತ್ತುವುದು ಸರಿಯೇ?

ವರದಾತೀರ, ಸೊರಬ

ನಿಮ್ಮ ನೋವು ನನ್ನದೂ ಹೌದು. ನಾನು ಸಿನಾಯ್‌ಗೆ ಹೊರಡುವ ಹಿಂದಿನ ವಾರ ಅಣ್ಣನನ್ನು ತಾಳಗುಂದಕ್ಕೇ ಕರೆದುಕೊಂಡು ಹೋಗಿದ್ದೆ. ಆ ಸ್ತಂಭಶಾಸನದ ಕೊನೆಯಲ್ಲಿ ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನಲ್ಲ, ಆ ಸಾಲನ್ನು ಓದಿಸುವುದೇ ನನ್ನ ಉದ್ದೇಶವಾಗಿತ್ತು. ಹೊರುರ್ರೇಯ ಕಲ್ಲಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಕುಬ್ಜನೇ. ಅರಸನ ಹೊಗಳಿಕೆಗಾಗಿ ನಿಲ್ಲಿಸಿದ ಕಲ್ಲಿನಲ್ಲಿ ಬರೆದವನೂ ಒಂದು ಮೂಲೆಯಲ್ಲಿ ಉಳಿದುಕೊಂಡಿದ್ದಾನೆ. ತಾಳಗುಂದವನ್ನು ನೋಡದೆ ಹೋಗಿದ್ದರೆ ಆ ಬೆಟ್ಟದಲ್ಲಿ ಏನನ್ನು ಹುಡುಕಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ.

ನಮ್ಮ ಲಿಪಿ ಅಲ್ಲಿಂದ ಬಂತು ಎಂದು ನಾನು ಬರೆದಿಲ್ಲ. ಈ ವಿಷಯದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರೇ ಹೇಳಲಿ.

ಲಿಪಿಪಥ, ಸಾಗರ

ನಾನು ಶಾಸನಶಾಸ್ತ್ರದ ವಿದ್ಯಾರ್ಥಿನಿ. ಎರಡು ಪ್ರಶ್ನೆಗಳು ಬೆರೆತಿವೆ, ಅವುಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು.

ಸಿನಾಯ್‌ನ ಲಿಪಿಯಿಂದ ಫಿನೀಷಿಯನ್, ಅದರಿಂದ ಅರಮಾಯಿಕ್ ಎಂಬ ಸಾಲು ವಿದ್ವಾಂಸರಲ್ಲಿ ಒಪ್ಪಿತವಾಗಿದೆ. ಪರ್ಷಿಯಾದ ಸಾಮ್ರಾಜ್ಯದ ಆಡಳಿತದ ಮೂಲಕ ಅರಮಾಯಿಕ್ ಲಿಪಿ ಭಾರತದ ವಾಯವ್ಯದವರೆಗೆ ಬಂತು, ಅಲ್ಲಿ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿ ಅದರ ಆಧಾರದ ಮೇಲೆ ರೂಪುಗೊಂಡಿತು. ಇಲ್ಲಿಯವರೆಗೆ ಹೆಚ್ಚಿನ ಜಗಳವಿಲ್ಲ. ಜಗಳವಿರುವುದು ಅಶೋಕನ ಶಾಸನಗಳಲ್ಲಿ ಕಾಣುವ ಬ್ರಾಹ್ಮಿ ಲಿಪಿಯ ಬಗ್ಗೆ. ಅದಕ್ಕೆ ಸೆಮಿಟಿಕ್ ಮೂಲವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಗೇಯಾರ್ಗ್ ಬ್ಯೂಲರ್ ಬಲವಾಗಿ ಪ್ರತಿಪಾದಿಸಿದರು, ಅದು ಇಲ್ಲಿಯೇ ಹುಟ್ಟಿತೆಂದು ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ ಹೇಳಿದರು, ಚರ್ಚೆ ಇಂದಿಗೂ ಮುಗಿದಿಲ್ಲ. ಕದಂಬರ ಕಾಲದ ಲಿಪಿ ದಕ್ಷಿಣದ ಬ್ರಾಹ್ಮಿಯಿಂದ ಬೆಳೆದದ್ದು, ಅದರಿಂದ ಕನ್ನಡ ಮತ್ತು ತೆಲುಗು ಲಿಪಿಗಳು ಕವಲೊಡೆದವು. ಇನ್ನು ಸ್ವರವನ್ನು ವ್ಯಂಜನದ ಮೈಮೇಲೆಯೇ ಗುಣಿತವಾಗಿ ಏರಿಸುವ ಕ್ರಮವಂತೂ ಈ ನೆಲದ ಲಿಪಿಕಾರರ ಸಾಧನೆ. ಸಿನಾಯ್‌ನ ಬರಹದಲ್ಲಿ ಸ್ವರಗಳಿಗೆ ಗುರುತೇ ಇಲ್ಲ.

ಕುಮುದ್ವತಿಯವರಿಗೆ ಒಂದು ಸಂಗತಿಯನ್ನು ವಿಶೇಷವಾಗಿ ತಿಳಿಸಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನವನ್ನು ಬರೆದವನು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ವೃತ್ತಿಯನ್ನು ಹೇಳುವ ‘ಲಿಪಿಕರೇಣ’ ಎಂಬ ಒಂದೇ ಒಂದು ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ ಬರೆದ. ಅಂದರೆ ಸಿನಾಯ್‌ನ ಗಣಿಯಿಂದ ಹೊರಟ ಲಿಪಿಗಳ ಒಂದು ಕವಲು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಕರ್ನಾಟಕದ ಬಂಡೆಯೊಂದನ್ನು ಮುಟ್ಟಿದೆ, ಅದೂ ಒಬ್ಬ ಲಿಪಿಕಾರ ತನ್ನನ್ನು ಹೆಸರಿಸಿಕೊಳ್ಳುವ ಜಾಗದಲ್ಲಿ. ಬ್ರಾಹ್ಮಿಯ ಹುಟ್ಟಿನ ಬಗ್ಗೆ ಯಾವ ಪಕ್ಷ ಗೆದ್ದರೂ ಈ ಪದ ಅಲ್ಲಿಯೇ ಇರುತ್ತದೆ.

ವರದಾತೀರರ ಒಂದು ಮಾತಿಗೆ ತಿದ್ದುಪಡಿ. ಗಣಿಯಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಅದು ಗಣಿಕೂಲಿಗಳದೇ ಸೃಷ್ಟಿ ಎಂದು ಓದುಗರು ತೀರ್ಮಾನಿಸಬಾರದು. ಈಜಿಪ್ಟಿನ ಲಿಪಿಯನ್ನು ಓದಲು ಬಾರದ ಕಾನಾನ್‌ನ ಜನರೇ ಸುತ್ತಲಿನ ಚಿತ್ರಗಳನ್ನು ನೋಡಿ ಇದನ್ನು ಕಟ್ಟಿದರು ಎಂದು ಓರ್ಲಿ ಗೋಲ್ಡ್‌ವಾಸ್ಸರ್ ವಾದಿಸುತ್ತಾರೆ. ಈಜಿಪ್ಟಿನ ಬರವಣಿಗೆಯನ್ನು ಬಲ್ಲ ಸೆಮಿಟಿಕ್ ಅಧಿಕಾರಿಗಳ ಕೆಲಸ ಇದು ಎಂದು ಕ್ರಿಸ್ಟಫರ್ ರೋಲ್‌ಸ್ಟನ್ ವಾದಿಸುತ್ತಾರೆ. ಕಾಲದ ಬಗ್ಗೆಯೂ ಕ್ರಿಸ್ತಪೂರ್ವ ಹತ್ತೊಂಬತ್ತನೆಯ ಶತಮಾನದಿಂದ ಹದಿನಾರನೆಯ ಶತಮಾನದವರೆಗೆ ಅಭಿಪ್ರಾಯಗಳು ಹರಡಿವೆ. ನೈಲ್ ನದಿಯ ಪಶ್ಚಿಮದ ಮರುಭೂಮಿಯ ವಾದಿ ಅಲ್-ಹೋಲ್ ಎಂಬಲ್ಲಿ ಇದೇ ಬಗೆಯ ಬರಹಗಳು 1990ರ ದಶಕದಲ್ಲಿ ಸಿಕ್ಕಿರುವುದರಿಂದ, ಹುಟ್ಟಿದ್ದು ಈ ಬೆಟ್ಟದಲ್ಲಿಯೇ ಎಂದು ಈ ಚರ್ಚೆಯ ಶೀರ್ಷಿಕೆಯಂತೆ ಹೇಳುವುದೂ ಸ್ವಲ್ಪ ಹೆಚ್ಚಾಗುತ್ತದೆ.

ವರದಾತೀರ, ಸೊರಬ

ತಿದ್ದುಪಡಿಯನ್ನು ಒಪ್ಪಿದೆ. ಚಪಡನ ವಿಷಯ ನನಗೆ ತಿಳಿದಿತ್ತು, ಆದರೆ ಅವನನ್ನೂ ಈ ಗಣಿಯನ್ನೂ ಒಂದೇ ದಾರಿಯ ಮೇಲೆ ನಾನು ಇಟ್ಟು ನೋಡಿರಲಿಲ್ಲ.

ಬರೆದವರು ಅಧಿಕಾರಿಗಳೋ ಕೂಲಿಗಳೋ ಎಂಬುದನ್ನು ನಾನು ತೀರ್ಮಾನಿಸಲಾರೆ. ಆದರೂ ಗಣಿಯೊಳಗೆ ನನ್ನ ಬ್ಯಾಟರಿಯ ಬೆಳಕಿನಲ್ಲಿ ಕಂಡ ಗೋಡೆಯ ಬಗ್ಗೆ ಒಂದು ಮಾತು. ಅಲ್ಲಿ ಬಗ್ಗಿಯೇ ನಿಲ್ಲಬೇಕು, ಧೂಳು ಗಂಟಲಿಗೆ ಇಳಿಯುತ್ತದೆ, ಗೋಡೆ ಎಲ್ಲಿಯೂ ಸಮನಾಗಿಲ್ಲ. ಅಂಥ ಜಾಗದಲ್ಲಿ ನಿಂತು ಬರೆದವರು ಯಾರೇ ಆಗಿರಲಿ, ತಮ್ಮ ಮಾತನ್ನು ತಮ್ಮ ಭಾಷೆಯಲ್ಲಿಯೇ ದೇವಿಗೆ ಒಪ್ಪಿಸಬೇಕೆಂಬ ಒತ್ತಾಯ ಅವರಿಗೆ ಇತ್ತು. ಹತ್ತಿರದಲ್ಲೇ ನೂರಾರು ಚಿತ್ರಗಳ ಸಿದ್ಧ ಲಿಪಿಯಿದ್ದರೂ, ಅದನ್ನು ಬಿಟ್ಟು ಮೂವತ್ತಕ್ಕಿಂತ ಕಡಿಮೆ ಗುರುತುಗಳಲ್ಲಿ ತಮ್ಮ ನುಡಿಯನ್ನು ಹಿಡಿದರು. ಕದಂಬರ ಕಾಲದಲ್ಲಿ ಪ್ರಾಕೃತ ಮತ್ತು ಸಂಸ್ಕೃತಗಳ ನಡುವೆ ಯಾರೋ ಒಬ್ಬರು ಕನ್ನಡವನ್ನೂ ಕಲ್ಲಿನ ಮೇಲೆ ಇಳಿಸಿದರಲ್ಲ, ಅವರ ಒತ್ತಾಯವೂ ಇಂಥದ್ದೇ ಇದ್ದೀತು ಎಂದು ನನ್ನ ಮನಸ್ಸು ಹೇಳುತ್ತದೆ.

ಕುಮುದ್ವತಿ, ಶಿಕಾರಿಪುರ

ಲಿಪಿಪಥ ಅವರಿಗೆ ಧನ್ಯವಾದಗಳು. ಬ್ರಹ್ಮಗಿರಿಗೆ ನಾನು ಹೋಗಿಲ್ಲ, ಈಗ ಹೋಗಲೇಬೇಕು. ನಮ್ಮ ತಾಲ್ಲೂಕಿನ ಮಳವಳ್ಳಿಯ ಸ್ತಂಭದಲ್ಲಿ ಶಾತಕರ್ಣಿಯ ಪ್ರಾಕೃತ ಶಾಸನವಿದೆ. ವರದಾತೀರರು ಹೇಳಿದ ಆ ‘ನಡುವೆ’ ಎಂಬುದನ್ನು ತಿಳಿಯಬೇಕೆನ್ನುವವರು ಮಳವಳ್ಳಿಯನ್ನೂ ತಾಳಗುಂದವನ್ನೂ ಒಂದೇ ದಿನ ನೋಡಬೇಕು. ಯಾರಾದರೂ ಬರುವುದಾದರೆ ನಾನು ಜೊತೆಗೆ ಬರುತ್ತೇನೆ.

ಆ ಬೆಟ್ಟದ ಕಲ್ಲುಗಳನ್ನು ಕಾಯುವವರು ಯಾರಾದರೂ ಇದ್ದಾರೆಯೇ? ನಮ್ಮಲ್ಲಿ ನಿಧಿಗಳ್ಳರ ಕಾಟದಿಂದ ಕಾಡಿನ ಗುಡಿಗಳಲ್ಲಿ ಲಿಂಗವನ್ನೇ ಕಿತ್ತು ಅಗೆದಿರುವುದನ್ನು ಕಂಡಿದ್ದೇನೆ.

ವರದಾತೀರ, ಸೊರಬ

ಅಲ್ಲಿಯೂ ಹಾನಿಯಾಗಿದೆ. ಹತ್ತಿರದ ವಾದಿ ಮಘಾರದಲ್ಲಿ ಇನ್ನೂ ಹಳೆಯ ಅರಸರ ಉಬ್ಬುಚಿತ್ರಗಳಿದ್ದವು. ಆಧುನಿಕ ಕಾಲದಲ್ಲಿ ಫಿರೋಜಾಕ್ಕಾಗಿ ಸಿಡಿಮದ್ದು ಇಟ್ಟಾಗ ಅವುಗಳಲ್ಲಿ ಕೆಲವು ಪುಡಿಯಾದವು. ಉಳಿದವುಗಳಲ್ಲಿ ಹಲವನ್ನು ಪೆಟ್ರಿ ಬಂಡೆಯಿಂದ ಕತ್ತರಿಸಿ ಕೈರೋ ಮ್ಯೂಸಿಯಂಗೆ ಸಾಗಿಸಿದರು. ಸೆರಾಬಿತ್‌ನ ಗುಡಿಯನ್ನು ದೊಮಿನಿಕ್ ವಾಲ್ಬೆಲ್ ಮತ್ತು ಶಾರ್ಲ್ ಬೊನೆ ಅವರು ಕಲ್ಲು ಕಲ್ಲಾಗಿ ಅಧ್ಯಯನ ಮಾಡಿದ್ದಾರೆ. ನಾವು ಹೋದ ದಿನ ನಮ್ಮನ್ನು ಕರೆದೊಯ್ದ ಬೆದೂಯಿನ್ ಹಿರಿಯರು, ಅಣ್ಣ ಆಯಾಸದಿಂದ ಒಂದು ಬಿದ್ದ ಕಲ್ಲಿನ ಮೇಲೆ ಕೂರಲು ಹೋದಾಗ, ಮಾತಾಡದೆ ತಮ್ಮ ಹೆಗಲ ಬಟ್ಟೆಯನ್ನು ಪಕ್ಕದ ಬರಿಯ ನೆಲಕ್ಕೆ ಹಾಸಿ ಅಲ್ಲಿ ಕೂರುವಂತೆ ಕೈತೋರಿಸಿದರು. ಆ ಕಲ್ಲಿನ ಅಡಿಭಾಗದಲ್ಲಿ ಬರಹವಿತ್ತು.

ಕಾಡಂಚು, ಹೊಸನಗರ

ಇದುವರೆಗೆ ಸುಮ್ಮನೆ ಓದುತ್ತಿದ್ದೆ. ಬೆದೂಯಿನ್ ಹಿರಿಯರ ವಿಷಯ ಓದಿದ ಮೇಲೆ ಬರೆಯಲೇಬೇಕೆನಿಸಿತು. ನಮ್ಮ ತೋಟದ ಅಂಚಿನಲ್ಲಿ ಎದೆಮಟ್ಟದ ಒಂದು ಕಲ್ಲಿದೆ. ಮೇಲ್ಭಾಗದಲ್ಲಿ ಸೂರ್ಯ ಚಂದ್ರ, ಕೆಳಗೆ ಬಿಲ್ಲು ಹಿಡಿದ ಒಬ್ಬ ಮನುಷ್ಯ, ನಡುವಿನ ಪಟ್ಟಿಯಲ್ಲಿ ಅಕ್ಷರಗಳಿರುವಂತೆ ಕೈಗೆ ತಗುಲುತ್ತದೆ. ವರ್ಷಕ್ಕೆ ಐದು ತಿಂಗಳು ಮಳೆ ಸುರಿಯುವ ಜಾಗವಾದ್ದರಿಂದ ಪೂರ್ತಿ ಪಾಚಿ ಕಟ್ಟಿದೆ. ಮನೆಯವರು ದೀಪಾವಳಿಗೆ ಎಣ್ಣೆ ಹಚ್ಚಿ ಪೂಜೆ ಮಾಡುತ್ತಾರೆ. ತಂತಿಯ ಬ್ರಷ್ಷಿನಿಂದ ಉಜ್ಜಿ, ಅಕ್ಷರಗಳ ಮೇಲೆ ಸುಣ್ಣದ ಕಡ್ಡಿ ಆಡಿಸಿದರೆ ಓದಬಹುದೇ?

ಲಿಪಿಪಥ, ಸಾಗರ

ದಯವಿಟ್ಟು ತಂತಿಯ ಬ್ರಷ್ಷನ್ನು ಮುಟ್ಟಿಸಬೇಡಿ. ಪಾಚಿ ಕಚ್ಚಿ ಹಿಡಿದಿರುವ ಕಲ್ಲಿನ ಮೇಲ್ಪದರವೇ ಅಕ್ಷರದ ಜೊತೆ ಎದ್ದು ಬರುತ್ತದೆ. ಸುಣ್ಣ, ಬಣ್ಣ, ಆಸಿಡ್ ಯಾವುದೂ ಬೇಡ. ಎಣ್ಣೆಯೂ ಧೂಳನ್ನು ಹಿಡಿದು ಗೆರೆಗಳನ್ನು ಮುಚ್ಚುತ್ತದೆ. ಮನೆಯವರ ಪೂಜೆಯನ್ನು ತಡೆಯುವುದು ಬೇಡ, ಬರಹದ ಪಟ್ಟಿಯನ್ನು ಬಿಟ್ಟು ಪಾದದ ಬಳಿ ದೀಪ ಹಚ್ಚಿದರೆ ಸಾಕೆಂದು ಹಿರಿಯರನ್ನು ಕೇಳಿಕೊಳ್ಳಿ. ಕಲ್ಲನ್ನು ಅಲ್ಲಿಂದ ಕದಲಿಸಬೇಡಿ. ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆದು ತಿಳಿಸಿ.

ಮೊದಲ ಓದಿಗೆ ಬೆಳಕೇ ಸಾಕು. ಎದುರಿನಿಂದ ಬೀಳುವ ಬೆಳಕಿನಲ್ಲಿ ಸವೆದ ಅಕ್ಷರ ಮಾಯವಾಗುತ್ತದೆ. ಪಕ್ಕದಿಂದ, ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಬೆಳಕು ಬಿದ್ದರೆ ಪ್ರತಿಯೊಂದು ಗೀರಿಗೂ ನೆರಳು ಹುಟ್ಟುತ್ತದೆ. ಬಿಸಿಲು ಸಿಗದಿದ್ದರೆ ಕತ್ತಲಾದ ಮೇಲೆ ಬ್ಯಾಟರಿಯನ್ನು ಒಂದೊಂದೇ ದಿಕ್ಕಿನಿಂದ ಹಿಡಿದು ಚಿತ್ರ ತೆಗೆಯಬಹುದು. ಆಮೇಲೆ ಬೇಕೆನಿಸಿದರೆ ಬಲ್ಲವರಿಂದ ಕಾಗದದ ಪಡಿಯಚ್ಚು ತೆಗೆಸೋಣ.

ವರದಾತೀರ, ಸೊರಬ

ಕಾಡಂಚು ಅವರೇ, ನೀವು ಒಪ್ಪಿದರೆ ನಾನು ಬರುವ ಭಾನುವಾರ ಹೊಸನಗರಕ್ಕೆ ಬರುತ್ತೇನೆ. ಸಾಗರದಿಂದ ಲಿಪಿಪಥ ಅವರನ್ನು ಕರೆದುಕೊಂಡು ಬರಬಹುದು. ಕಲ್ಲಿನ ಮುಖ ಯಾವ ದಿಕ್ಕಿಗಿದೆ?

ಕಾಡಂಚು, ಹೊಸನಗರ

ಖಂಡಿತ ಬನ್ನಿ. ನಿಮ್ಮ ಪ್ರಶ್ನೆ ನೋಡಿ ಈಗಷ್ಟೇ ಹೋಗಿ ನೋಡಿ ಬಂದೆ. ಕಲ್ಲು ದಕ್ಷಿಣಕ್ಕೆ ಮುಖ ಮಾಡಿದೆ, ತೋಟದ ಮರಗಳ ನಡುವಿನಿಂದ ಬೆಳಗಿನ ಬಿಸಿಲು ಎಂಟೂವರೆಯ ಹೊತ್ತಿಗೆ ಬಲಗಡೆಯ ಅಂಚನ್ನು ಮುಟ್ಟಿ, ಹತ್ತು ಹದಿನೈದು ನಿಮಿಷ ಮಾತ್ರ ಮೈಮೇಲೆ ಓರೆಯಾಗಿ ಬೀಳುತ್ತದೆ. ಆದ್ದರಿಂದ ಎಂಟು ಗಂಟೆಗೇ ಮನೆ ತಲುಪುವಂತೆ ಹೊರಡಿ. ತಿಂಡಿ ಆಮೇಲೆ ಮಾಡೋಣ. ಅಮ್ಮನಿಗೆ ವಿಷಯ ಹೇಳಿದ್ದೇನೆ, ಈ ವಾರ ಎಣ್ಣೆ ಹಚ್ಚುವುದಿಲ್ಲವೆಂದಿದ್ದಾರೆ.